ಮಳೆ ರಜೆಯ ದಿನ ಯೂನಿಫಾರ್ಮ್ ಹಾಕಿ ಕೂತವನು

ಕೊಡಗಿನ ಮಕ್ಕಳಿಗೆ ಜುಲೈ–ಆಗಸ್ಟ್ ಹೊತ್ತಿನ ಆಟಿ ತಿಂಗಳಲ್ಲಿ ಮಳೆ ರಜೆಗಿಂತ ದೊಡ್ಡ ಹಬ್ಬ ಇಲ್ಲ. ಹಿಂದಿನ ರಾತ್ರಿಯಿಂದಲೇ ವಾಟ್ಸಾಪ್ ಗುಂಪುಗಳಲ್ಲಿ 'ನಾಳೆ ರಜೆ ಉಂಟಾ?' ಶುರುವಾಗುತ್ತದೆ. ಆದೇಶದ ಫೋಟೋ ಬಂತು ಅಂದರೆ ಸಾಕು, ಪಕ್ಕದ ಮನೆಯ ಮಕ್ಕಳು ಹಾಸಿಗೆಯಲ್ಲೇ ಕುಣಿಯುತ್ತಾರೆ. ಕೆಲವು ಸಲ ಆದೇಶ ತಡವಾಗುತ್ತದೆ. ಬೆಳಿಗ್ಗೆ ಏಳು ಗಂಟೆ ದಾಟಿದ ಮೇಲೆ ಬರುತ್ತದೆ. ಅಂಥ ಒಂದು ಬೆಳಿಗ್ಗೆ ನನ್ನ ಅಕ್ಕನ ಮಗ ಪುಟ್ಟ ಸ್ನಾನ ಮುಗಿಸಿ, ಯೂನಿಫಾರ್ಮ್ ಹಾಕಿ, ಟೈ ಕಟ್ಟಿ, ಸಾಕ್ಸ್ ಏರಿಸಿ ಜಗಲಿಯ ಬೆಂಚಿನ ಮೇಲೆ ಕೂತಿದ್ದ. ಅಕ್ಕ ಫೋನ್ ನೋಡಿ, 'ಇವತ್ತು ರಜೆ ಕೊಟ್ಟಿದ್ದಾರೆ ಮಗಾ, ಬಟ್ಟೆ ಬಿಚ್ಚು' ಅಂದಳು. ಅವನು ಬಿಚ್ಚಲಿಲ್ಲ. ಎಂಟು ಗಂಟೆಗೆ ವ್ಯಾನು ಬರುವ ಹೊತ್ತಿಗೆ ಎದ್ದು ನಿಂತು ಗೇಟಿನ ಕಡೆ ನೋಡಿದ. ಮತ್ತೆ ಕೂತ. ಅಕ್ಕಿ ರೊಟ್ಟಿ ತಂದುಕೊಟ್ಟರೆ ಬ್ಯಾಗನ್ನು ತೊಡೆಯ ಮೇಲೇ ಇಟ್ಟುಕೊಂಡು ತಿಂದ. ನಾನು ಗದರಿದೆ. ಅಕ್ಕ ಪೂಸಿ ಹೊಡೆದಳು. ಮಧ್ಯಾಹ್ನ ಅವನೇ ಟಿಫಿನ್ ಡಬ್ಬಿ ತೆಗೆದು ಊಟ ಮಾಡಿದ. ಸಂಜೆ ನಾಲ್ಕೂ ಇಪ್ಪತ್ತಕ್ಕೆ, ದಿನಾ ವ್ಯಾನು ಮನೆಗೆ ಬಿಡುವ ಹೊತ್ತಿಗೆ ಸರಿಯಾಗಿ ಎದ್ದ. ಬ್ಯಾಗ್ ಒಳಗಿಟ್ಟು, ಬಟ್ಟೆ ಬದಲಿಸಿ, ನಾಯಿಯ ಜೊತೆ ಆಟಕ್ಕೆ ಹೋದ. ಯಾರೂ ಏನೂ ಹೇಳಲಿಲ್ಲ.

ಈ ಕಥೆಯನ್ನು ನಾನು ಎಷ್ಟು ಕಡೆ ಹೇಳಿ ನಗಿಸಿದ್ದೇನೋ ಲೆಕ್ಕ ಇಲ್ಲ. ಮದುವೆ ಮನೆಯಲ್ಲಿ, ಹುತ್ತರಿ ಊಟದಲ್ಲಿ, ಹಾಕಿ ಮೈದಾನದ ಮೆಟ್ಟಿಲ ಮೇಲೆ. 'ನಮ್ಮ ಪುಟ್ಟನ ಹಠ ಅಂದರೆ ಹಠ' ಅಂತ ಮುಗಿಸುತ್ತಿದ್ದೆ. ಕೇಳಿದವರು, 'ಮುಂದೆ ದೊಡ್ಡ ಮನುಷ್ಯ ಆಗ್ತಾನೆ ಬಿಡಿ' ಅನ್ನುತ್ತಿದ್ದರು. ಈಗ ಯಾರಾದರೂ ಆ ಕಥೆ ಹೇಳು ಅಂದರೆ ಮಾತು ತಪ್ಪಿಸುತ್ತೇನೆ. ಕಥೆ ಸುಳ್ಳಲ್ಲ. ಅದರ ಕೊನೆಯಲ್ಲಿ ನಾನು ಹಾಕುತ್ತಿದ್ದ 'ಹಠ' ಎಂಬ ಪದ ಸುಳ್ಳು.

ಕಾಲು ಎಲ್ಲರಿಗೂ ಕಂಡಿತು

ಪುಟ್ಟನಿಗೆ 7 ವರ್ಷ ಆಗಿದ್ದಾಗ ತಲೆಯ ಹಿಂಭಾಗದಲ್ಲಿ ಗೆಡ್ಡೆ ಇದೆ ಅಂತ ಗೊತ್ತಾಯಿತು. ಅದಕ್ಕೆ ಮೊದಲು ಮೂರು ತಿಂಗಳು ಬೆಳಿಗ್ಗೆ ಎದ್ದ ಕೂಡಲೇ ತಲೆನೋವು, ವಾಂತಿ. ಹತ್ತು ಗಂಟೆಗೆಲ್ಲ ಆರಾಮ. ಗ್ಯಾಸ್ಟ್ರಿಕ್ ಅಂದರು ಒಬ್ಬ ಡಾಕ್ಟರು. ಜಂತುಹುಳ ಅಂದರು ಇನ್ನೊಬ್ಬರು. ಶಾಲೆ ತಪ್ಪಿಸಲು ನಾಟಕ ಅಂದವನು ನಾನು. ಕಿರುಮೆದುಳಿನ ಹತ್ತಿರ ಗೆಡ್ಡೆ ಬೆಳೆದರೆ ಮೆದುಳಿನ ನೀರು ಹರಿಯುವ ದಾರಿ ಕಟ್ಟಿಕೊಳ್ಳುತ್ತದೆ, ರಾತ್ರಿಯಿಡೀ ಮಲಗಿದ್ದಾಗ ಒತ್ತಡ ಏರುತ್ತದೆ, ಅದಕ್ಕೇ ಬೆಳಿಗ್ಗೆಯ ವಾಂತಿ ಎಂಬುದೆಲ್ಲ ಆಮೇಲೆ ಕಲಿತದ್ದು. ಒಂದು ದಿನ ಗದ್ದೆಯ ಬದುವಿನ ಮೇಲೆ ನಡೆಯುತ್ತಿದ್ದವನು ಕುಡಿದವನ ಹಾಗೆ ವಾಲಿ ಕೆಸರಿಗೆ ಬಿದ್ದ. ಎದ್ದು ನಾಲ್ಕು ಹೆಜ್ಜೆ ಹಾಕಿ ಮತ್ತೆ ಬಿದ್ದ. ಮಾರನೇ ದಿನವೇ ಸ್ಕ್ಯಾನಿಂಗ್ ಮಾಡಿಸಿದೆವು.

ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಗೆಡ್ಡೆಯ ಹೆಸರು ಪೈಲೋಸೈಟಿಕ್ ಆಸ್ಟ್ರೋಸೈಟೋಮ. ಮಕ್ಕಳ ಕಿರುಮೆದುಳಿನಲ್ಲಿ ಬರುವ ಗೆಡ್ಡೆಗಳಲ್ಲಿ ಇದು ಸಾಧು ಜಾತಿ. ಪೂರ್ತಿ ತೆಗೆದರೆ ಬಹುಪಾಲು ಅಲ್ಲಿಗೆ ಮುಗಿಯುತ್ತದೆ. ಪಕ್ಕದ ಹಾಸಿಗೆಯಲ್ಲಿ ಹಾಸನದ ಕಡೆಯ ಒಂದು ಹುಡುಗಿಗೆ ಮೆಡುಲೋಬ್ಲಾಸ್ಟೋಮ ಇತ್ತು. ಅದಕ್ಕೆ ರೇಡಿಯೇಷನ್, ಕೀಮೋ ಎಲ್ಲ ಬೇಕು. ಆಪರೇಷನ್ ಆದ ಎರಡನೇ ದಿನದಿಂದ ಆ ಹುಡುಗಿ ಮಾತೇ ಆಡಲಿಲ್ಲ. ಇಂಥ ಗೆಡ್ಡೆ ತೆಗೆಸಿಕೊಂಡ ಮಕ್ಕಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೀಗೆ ಮಾತು ನಿಲ್ಲುತ್ತದಂತೆ. ದಿನಗಳೋ ತಿಂಗಳುಗಳೋ ಆದಮೇಲೆ ನಿಧಾನವಾಗಿ, ತೊದಲುತ್ತಾ ವಾಪಸ್ ಬರುತ್ತದಂತೆ. ಅವಳ ಅಮ್ಮ ದಿನವಿಡೀ ಅವಳ ಕಿವಿಯ ಹತ್ತಿರ ಊರಿನ ಸುದ್ದಿ ಹೇಳುತ್ತಾ ಕೂತಿರುತ್ತಿದ್ದರು. ಅದನ್ನು ನೋಡಿ ನಾವು, ನಮ್ಮವನು ಮಾತಾಡುತ್ತಾನಲ್ಲ, ಪುಣ್ಯ ಮಾಡಿದ್ದೆವು ಅಂದುಕೊಂಡೆವು.

ಊರಿಗೆ ಬಂದಮೇಲೆ ಎಲ್ಲರ ಕಣ್ಣು ಅವನ ಕಾಲಿನ ಮೇಲೆ. ಅಗಲಕ್ಕೆ ಕಾಲು ಹಾಕಿ ನಡೆಯುತ್ತಿದ್ದ. ಕಾಫಿ ಲೋಟಕ್ಕೆ ಕೈ ಚಾಚಿದರೆ ಲೋಟ ದಾಟಿ ಮುಂದೆ ಹೋಗುತ್ತಿತ್ತು. ಫಿಸಿಯೋಥೆರಪಿ ಆಯಿತು. ಅಂಗಳದಲ್ಲಿ ಅಡಿಕೆ ಮರದ ಸೀಳು ಕಟ್ಟಿ ಹಿಡಿದು ನಡೆಯಲು ದಾರಿ ಮಾಡಿಕೊಟ್ಟೆ. ಲೈನ್ ಮನೆಯ (ತೋಟದ ಆಳುಗಳ ಸಾಲುಮನೆ) ಮಕ್ಕಳೂ ಅವನ ಕೈ ಹಿಡಿದು ನಡೆಸುತ್ತಿದ್ದರು. ಒಂದೂವರೆ ವರ್ಷದಲ್ಲಿ ಏಣಿ ಹತ್ತುವುದೊಂದು ಬಿಟ್ಟು ಉಳಿದದ್ದೆಲ್ಲ ಬಂತು. 'ಹುಡುಗ ಸರಿಯಾದ' ಅಂತ ಊರು ತೀರ್ಮಾನ ಕೊಟ್ಟಿತು. ನಾವೂ ಒಪ್ಪಿಕೊಂಡೆವು. ಆಮೇಲೆ ಏನೇ ಎಡವಟ್ಟು ಮಾಡಿದರೂ ಅದು ಅವನ ಗುಣದ ಲೆಕ್ಕಕ್ಕೆ ಹೋಯಿತು. ಸರಿಯಾದ ಹುಡುಗ ತಾನೇ?

ಕಣದಲ್ಲಿ ಒಂದು ಭಾನುವಾರ

ಬರೆಯಬೇಕು ಅಂತ ಕೂತದ್ದೇ ಈ ಒಂದು ದಿನದ ಬಗ್ಗೆ. ಆಪರೇಷನ್ ಆಗಿ ಎರಡು ವರ್ಷ. ಡಿಸೆಂಬರ್ ತಿಂಗಳು. ಅರೇಬಿಕಾ ಕೊಯ್ಲು ನಡೆಯುತ್ತಿತ್ತು. ಆಳು ಸಿಗದೆ ಸಿಕ್ಕಿದವರ ಕೈಯಲ್ಲಿ ಕೊಯ್ಯಿಸಿದ್ದೆ. ಹಣ್ಣಿನ ಜೊತೆ ಹಸಿ ಕಾಯಿಯನ್ನೂ ಸವರಿ ಹಾಕಿದ್ದರು. ಹಾಗೇ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರಕ್ಕೆ ಹಾಕಿದರೆ ಪಾರ್ಚ್‌ಮೆಂಟ್ (ಸಿಪ್ಪೆ ಸುಲಿದು ಒಣಗಿಸಿದ ಬೀಜ) ಕೆಡುತ್ತದೆ. ಮನೆಯವರೆಲ್ಲ ಟಾರ್ಪಲ್ ಮೇಲೆ ಕೂತು ಆರಿಸುತ್ತಿದ್ದೆವು. ಪುಟ್ಟನಿಗೆ ಎರಡು ಬುಟ್ಟಿ ಕೊಟ್ಟೆ. ಕೆಂಪು ಹಣ್ಣು ಬಲಗಡೆ, ಹಸಿರು ಕಾಯಿ ಎಡಗಡೆ. ಕೈ ಸ್ವಲ್ಪ ನಡುಗುತ್ತಿತ್ತು. ಆದರೂ ಎರಡು ಗಂಟೆಯಲ್ಲಿ ಒಂದೂ ತಪ್ಪಿಲ್ಲ. ನನಗಿಂತ ಚೆನ್ನಾಗಿ ಆರಿಸಿದ. ಬೆನ್ನು ತಟ್ಟಿದೆ.

ಆಮೇಲೆ ನೋಡಿದರೆ ಒಂದು ಚೀಲದ ತುಂಬ ಬೋರರ್ ಹುಳ ಹೊಡೆದ ಹಣ್ಣು. ಬೆಳೆಗಾರರಿಗೆ ಹೇಳಬೇಕಾಗಿಲ್ಲ. ಹಣ್ಣಿನ ತುದಿಯಲ್ಲಿ ಸೂಜಿ ಮೊನೆಯಷ್ಟು ತೂತು ಇರುತ್ತದೆ. ಪುಟ್ಟನ ಕಣ್ಣು ಚುರುಕು. ಅವನಿಗೇ ಆ ಚೀಲ ಸುರಿದೆ. 'ಈಗ ಬಣ್ಣ ನೋಡಬೇಡ. ತೂತು ಇದ್ದದ್ದು ಎಡಗಡೆ, ತೂತು ಇಲ್ಲದ್ದು ಬಲಗಡೆ' ಅಂದೆ. 'ಏನು ಹೇಳಿದೆ, ಹೇಳು ನೋಡುವ?' ಅಂತ ಕೇಳಿದೆ. 'ತೂತು ಇದ್ದರೆ ಎಡಗಡೆ' ಅಂತ ಸರಿಯಾಗಿ ಹೇಳಿದ. (ನಮ್ಮ ಮನೆಯಲ್ಲಿ ಆಡುವುದು ಅರೆಭಾಷೆ, ಕೊಡಗು–ಸುಳ್ಯ ಕಡೆಯ ಗೌಡರ ಮಾತು. ಓದುವವರಿಗೆ ಸುಲಭ ಆಗಲಿ ಅಂತ ಇಲ್ಲಿ ಕನ್ನಡ ಮಾಡಿದ್ದೇನೆ.) ಒಂದು ಕೆಂಪು ಹಣ್ಣು ಎತ್ತಿಕೊಂಡ. ತಿರುಗಿಸಿ ನೋಡಿದ. 'ತೂತು ಉಂಟು' ಅಂದ. ಬಲಗಡೆಯ ಬುಟ್ಟಿಗೆ ಹಾಕಿದ.

'ಎಡಗಡೆ' ಅಂದೆ. 'ಹೂಂ, ಎಡಗಡೆ' ಅಂದ. ಇನ್ನೊಂದು ಕೆಂಪು ಹಣ್ಣು. 'ತೂತು ಉಂಟು.' ಬಲಗಡೆ. ಹತ್ತು ಹಣ್ಣು, ಇಪ್ಪತ್ತು ಹಣ್ಣು, ಹೀಗೇ. ಬಾಯಿ ಒಂದು ಹೇಳುತ್ತಿತ್ತು, ಕೈ ಇನ್ನೊಂದು ಮಾಡುತ್ತಿತ್ತು. ಅವನ ಮುಖದಲ್ಲಿ ತುಂಟತನ ಇತ್ತಾ ಅಂತ ಈಗ ನೆನಪು ಮಾಡಿಕೊಳ್ಳಲು ನೋಡುತ್ತೇನೆ. ಇರಲಿಲ್ಲ. ಆದರೆ ಆ ದಿನ ನನಗೆ ಅದು ಕಾಣಲಿಲ್ಲ. ಆಳಿನ ಚಿಂತೆ, ರೇಟಿನ ಚಿಂತೆ, ಎದುರಿಗೆ ಹೇಳಿದ ಮಾತು ಕೇಳದ ಹುಡುಗ. 'ಬೇಕಂತಲೇ ಮಾಡ್ತಿದ್ದೀಯಾ?' ಅಂತ ಬೆನ್ನಿಗೆ ಒಂದು ಹೊಡೆದೆ. ಅರ್ಧ ಗಂಟೆ ಹಿಂದೆ ತಟ್ಟಿದ ಅದೇ ಬೆನ್ನು. ಅವನು ಅಳಲಿಲ್ಲ. ಇನ್ನೊಂದು ಹಣ್ಣು ಎತ್ತಿದ. ನೋಡಿದ. 'ತೂತು ಉಂಟು ಮಾವ' ಅಂದ. ಬಲಗಡೆ ಹಾಕಿದ.

ನನ್ನ ಅವ್ವ ಒಳಗಿಂದ ಬಂದರು. 'ಹೊಡೆದರೆ ಏನು ಸಿಕ್ಕುತ್ತದೆ ನಿನಗೆ?' ಅಂದರು ಅಷ್ಟೇ. ಎರಡೂ ಬುಟ್ಟಿಯನ್ನು ಟಾರ್ಪಲ್ ಮೇಲೆ ಕವುಚಿದರು. 'ಕೆಂಪು–ಹಸಿರು ಆಟ ಮುಗೀತು' ಅಂದರು. ಅವನನ್ನು ಒಳಗೆ ಕರೆದುಕೊಂಡು ಹೋಗಿ ಬೆಲ್ಲದ ಕಾಫಿ ಕೊಟ್ಟರು. ಸ್ವಲ್ಪ ಹೊತ್ತಾದ ಮೇಲೆ ಕಣದ ಆ ಮೂಲೆಯಲ್ಲಿ, ಅಂಜೂರದ ಗಿಡದ ಹತ್ತಿರ, ಬೇರೆ ಚಾಪೆ ಹಾಕಿ ಕೂರಿಸಿದರು. ಬುಟ್ಟಿ ಬದಲು ಎರಡು ಸ್ಟೀಲ್ ಪಾತ್ರೆ ಇಟ್ಟರು. 'ಇದು ತೂತಿನ ಆಟ' ಅಂದರು. ಪುಟ್ಟ ಸಂಜೆಯವರೆಗೆ ತೂತಿನ ಹಣ್ಣು ಆರಿಸಿದ. ಒಂದೂ ತಪ್ಪಿಲ್ಲ.

ಅವ್ವ ಓದಿದ್ದು ನಾಲ್ಕನೇ ಕ್ಲಾಸು. ಅವರು ಆ ದಿನ ಏನು ಮಾಡಿದರು ಅಂತ ಅರ್ಥ ಆಗಲು ನನಗೆ ಇನ್ನೂ ಎರಡು ವರ್ಷ ಬೇಕಾಯಿತು.

ಹೇಳದೆ ಬದಲಾಗುವ ನಿಯಮ

ಐದನೇ ಕ್ಲಾಸಿನಲ್ಲಿ ಮಾರ್ಕ್ಸ್ ಪೂರಾ ಬಿದ್ದಾಗ ಅಕ್ಕ ಬೆಂಗಳೂರಿನ ಒಬ್ಬ ನ್ಯೂರೋಸೈಕಾಲಜಿಸ್ಟ್ (ಮೆದುಳಿಗೂ ಯೋಚನೆ, ನಡವಳಿಕೆಗೂ ಇರುವ ನಂಟು ಪರೀಕ್ಷಿಸುವವರು) ಹತ್ತಿರ ಕರೆದುಕೊಂಡು ಹೋದಳು. ಭಾವ ಸೇನೆಯಲ್ಲಿ. ಹಾಗಾಗಿ ಜೊತೆಗೆ ನಾನು. ಎರಡು ದಿನ ಪರೀಕ್ಷೆ ನಡೆಯಿತು. ಕೊನೆಗೆ ಆ ಮೇಡಂ ನಮ್ಮನ್ನು ಕೂರಿಸಿ ವಿವರಿಸಿದರು. ಒಂದು ಪರೀಕ್ಷೆ ಕಾರ್ಡುಗಳದ್ದು. ಕಾರ್ಡು ನಮಗೆ ತೋರಿಸಲಿಲ್ಲ. ಹೊರಗಿನವರಿಗೆ ತೋರಿಸುವಂಥದ್ದಲ್ಲವಂತೆ. ವಿಸ್ಕಾನ್ಸಿನ್ ಹೆಸರಿನ ಈ ಪರೀಕ್ಷೆ 1948ರಿಂದ ಇದೆ. ಎದುರಿಗೆ ನಾಲ್ಕು ಕಾರ್ಡು ಇಟ್ಟಿರುತ್ತಾರೆ. ಕೈಗೆ ಒಂದೊಂದೇ ಕಾರ್ಡು ಕೊಡುತ್ತಾರೆ. ಬಣ್ಣ ನೋಡಿ ಜೋಡಿಸಬೇಕೋ, ಆಕಾರ ನೋಡಿಯೋ, ಎಣಿಕೆ ನೋಡಿಯೋ ಅಂತ ಹೇಳುವುದಿಲ್ಲ. ಇಟ್ಟ ಮೇಲೆ ಸರಿ, ತಪ್ಪು ಅಂತ ಮಾತ್ರ ಹೇಳುತ್ತಾರೆ. ಮಗು ತಾನೇ ಕಂಡುಹಿಡಿಯಬೇಕು. ಸತತ 10 ಸರಿ ಆದ ಕೂಡಲೇ ಸುಮ್ನೆ, ಏನೂ ಹೇಳದೆ, ನಿಯಮ ಬದಲಿಸಿಬಿಡುತ್ತಾರೆ. ನಿನ್ನೆವರೆಗೆ ಸರಿ ಇದ್ದದ್ದು ಇವತ್ತು ತಪ್ಪು. ಎಷ್ಟು ಬೇಗ ಹಳೆಯದನ್ನು ಬಿಟ್ಟು ಹೊಸದಕ್ಕೆ ಹೊರಳುತ್ತಾನೆ ಅನ್ನುವುದೇ ಪರೀಕ್ಷೆ.

'ನಿಮ್ಮ ಹುಡುಗ ಬಣ್ಣವನ್ನು ಬೇಗ ಹಿಡಿದ. ಆಮೇಲೆ ಬಿಡಲಿಲ್ಲ' ಅಂದರು ಮೇಡಂ. 'ತಪ್ಪು ಅಂತ ಹೇಳಿದರೂ ಬಣ್ಣಕ್ಕೇ ಹಾಕುತ್ತಿದ್ದ. ಅವನಿಗೆ ಬೇಸರ ಆಗುತ್ತಿತ್ತು, ಕಣ್ಣಲ್ಲಿ ನೀರು ಬಂತು. ಆದರೂ ಬಣ್ಣಕ್ಕೇ.' ನನಗೆ ಅಲ್ಲಿ ಕೂತಲ್ಲೇ ಕಣದ ಟಾರ್ಪಲ್ ಕಂಡಿತು. ಬಲಗಡೆಯ ಬುಟ್ಟಿ ಕಂಡಿತು. ಆ ಪರೀಕ್ಷೆಯನ್ನು ನಾನು ಎರಡು ವರ್ಷ ಮೊದಲೇ ನಮ್ಮ ಮನೆಯಲ್ಲಿ ಮಾಡಿದ್ದೆ. ನನ್ನ ಪರೀಕ್ಷೆಯಲ್ಲಿ ತಪ್ಪಿಗೆ ಏಟು ಇತ್ತು, ಅಷ್ಟೇ ವ್ಯತ್ಯಾಸ.

'ಗೆಡ್ಡೆ ಇದ್ದದ್ದು ಹಿಂದುಗಡೆ ಅಲ್ವಾ ಮೇಡಂ? ಯೋಚನೆ ಮಾಡುವುದು ಮುಂದುಗಡೆ ಅಲ್ವಾ?' ಅಂತ ಕೇಳಿದೆ. ಹೈಸ್ಕೂಲಿನಲ್ಲಿ ಓದಿದ್ದು ಹಾಗೆ. ಅನುಮಸ್ತಿಷ್ಕ, ಅಂದರೆ ಕಿರುಮೆದುಳು, ದೇಹದ ಸಮತೋಲನ ಕಾಪಾಡುತ್ತದೆ, ಒಂದು ಅಂಕ. ಮೇಡಂ ನಕ್ಕರು. 'ನಾವೂ ಬಹಳ ವರ್ಷ ಅಷ್ಟೇ ಓದಿದ್ದು ಸರ್' ಅಂದರು.

ಹಿಂದಿನ ಪುಟ್ಟ ಮೆದುಳು

ಮನೆಗೆ ಬಂದಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ. ನಾನು ಡಾಕ್ಟರಲ್ಲ. ಬಿ.ಎಸ್‌ಸಿ. ಮುಗಿಸಿ ತೋಟ ನೋಡಿಕೊಂಡಿರುವವನು. ಹಾಗಾಗಿ ನನಗೆ ಅರ್ಥ ಆದಷ್ಟು ಹೇಳುತ್ತೇನೆ. ಕಿರುಮೆದುಳಿಗೆ ಇಂಗ್ಲಿಷ್‌ನಲ್ಲಿ ಸೆರೆಬೆಲ್ಲಮ್ ಅನ್ನುತ್ತಾರೆ. ಹಾಗಂದರೆ ಲ್ಯಾಟಿನ್‌ನಲ್ಲಿ 'ಪುಟ್ಟ ಮೆದುಳು' ಅಂತಲೇ ಅರ್ಥ. ಇಡೀ ಮೆದುಳಿನಲ್ಲಿ ಗಾತ್ರದ ಲೆಕ್ಕಕ್ಕೆ ಸುಮಾರು ಹತ್ತರಲ್ಲಿ ಒಂದು ಪಾಲು. ಆದರೆ ನರಕೋಶ ಎಣಿಸಿದರೆ ಕಥೆ ತಲೆಕೆಳಗು. 2009ರಲ್ಲಿ ಬ್ರೆಜಿಲ್‌ನ ವಿಜ್ಞಾನಿಗಳು ಎಣಿಸಿದಾಗ ಮನುಷ್ಯನ ಮೆದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿ ಇದ್ದದ್ದು ಈ ಹಿಂದಿನ ಮುದ್ದೆಯಲ್ಲಿ. ಇಷ್ಟು ಆಳು ಇಟ್ಟುಕೊಂಡ ತೋಟ ಬರೀ ಕಾಲು ನೆಟ್ಟಗೆ ಇಡುವ ಕೆಲಸ ಮಾತ್ರ ಮಾಡುತ್ತದೆ ಅಂದರೆ ನಂಬುವುದು ಹೇಗೆ?

ಆದರೂ ಬಹಳ ಕಾಲ ಹಾಗೇ ನಂಬಿದ್ದರು. ಅದಕ್ಕೆ ಕಾರಣವೂ ಇದೆ. ಮೊದಲ ಮಹಾಯುದ್ಧದಲ್ಲಿ ತಲೆಯ ಹಿಂಭಾಗಕ್ಕೆ ಗುಂಡು ತಗುಲಿದ ಸೈನಿಕರನ್ನು ಗಾರ್ಡನ್ ಹೋಮ್ಸ್ ಎಂಬ ಡಾಕ್ಟರು ಪರೀಕ್ಷೆ ಮಾಡಿ, ಕೈ ಗುರಿ ತಪ್ಪುವುದು, ನಡಿಗೆ ವಾಲುವುದು ಇದನ್ನೆಲ್ಲ ಅಚ್ಚುಕಟ್ಟಾಗಿ ಬರೆದಿಟ್ಟರು. ಕಣ್ಣಿಗೆ ಕಾಣುವ ದೋಷ ಅಷ್ಟು ಎದ್ದು ಕಂಡಾಗ ಕಾಣದ್ದನ್ನು ಹುಡುಕುವವರು ಯಾರು? ನಮ್ಮ ಊರು ಮಾಡಿದ್ದೂ ಅದನ್ನೇ. 1994ರಲ್ಲಿ ಅಮೆರಿಕದ ನರವಿಜ್ಞಾನಿ ಪೀಟರ್ ಸ್ಟ್ರಿಕ್ ಮತ್ತು ಅವರ ಜೊತೆಗಾರ, ಕಿರುಮೆದುಳಿನಿಂದ ಹೊರಟ ತಂತುಗಳು ಚಲನೆಯ ಜಾಗಕ್ಕೆ ಮಾತ್ರ ಹೋಗುವುದಿಲ್ಲ, ಹಣೆಯ ಹಿಂದಿನ ಯೋಚನೆಯ ಭಾಗಕ್ಕೂ ಹೋಗುತ್ತವೆ ಅಂತ ಮಂಗಗಳಲ್ಲಿ ತೋರಿಸಿದರು. 1998ರಲ್ಲಿ ಬಾಸ್ಟನ್‌ನ ಸಂಶೋಧಕರಾದ ಜೆರೆಮಿ ಶ್ಮಾಮನ್ ಮತ್ತು ಜಾನೆಟ್ ಶೆರ್ಮನ್ ಕಿರುಮೆದುಳಿಗೆ ಮಾತ್ರ ಪೆಟ್ಟಾದ 20 ರೋಗಿಗಳ ಬಗ್ಗೆ ಬರೆದರು. ಯೋಜನೆ ಹಾಕುವುದು, ಒಂದರಿಂದ ಇನ್ನೊಂದಕ್ಕೆ ಮನಸ್ಸು ಹೊರಳಿಸುವುದು, ಜಾಗದ ಅಂದಾಜು, ಮಾತಿನ ಓಟ, ಭಾವನೆಯ ಹಿಡಿತ ಇವುಗಳೆಲ್ಲ ಅವರಲ್ಲಿ ಏರುಪೇರಾಗಿದ್ದವು. ಎರಡೇ ವರ್ಷದಲ್ಲಿ, ಗೆಡ್ಡೆ ತೆಗೆಸಿಕೊಂಡ 19 ಮಕ್ಕಳಲ್ಲೂ ಇದೇ ಬಗೆಯ ತೊಂದರೆ ಕಂಡದ್ದು ವರದಿಯಾಯಿತು. ಅದೇ 2000ದಲ್ಲಿ ಇಟಲಿಯಲ್ಲಿ 26 ಮಕ್ಕಳನ್ನು ನೋಡಿದವರು ಇನ್ನೊಂದು ಎಳೆ ಹಿಡಿದರು. ಕಿರುಮೆದುಳಿನ ಬಲಭಾಗ ದೊಡ್ಡ ಮೆದುಳಿನ ಎಡಭಾಗಕ್ಕೆ ಜೋಡಿ. ಹಾಗಾಗಿ ಬಲಕ್ಕೆ ಪೆಟ್ಟಾದ ಮಕ್ಕಳಿಗೆ ಮಾತಿನಲ್ಲಿ ತೊಂದರೆ, ಎಡಕ್ಕೆ ಆದವರಿಗೆ ಜಾಗ, ನೋಟದಲ್ಲಿ ತೊಂದರೆ ಜಾಸ್ತಿ. 20, 19, 26. ದೊಡ್ಡ ಲೆಕ್ಕವಲ್ಲ. ಗೆಡ್ಡೆ ಎಲ್ಲಿತ್ತು, ನೀರು ಎಷ್ಟು ಕಟ್ಟಿತ್ತು, ರೇಡಿಯೇಷನ್ ಕೊಟ್ಟರಾ ಎಂಬುದರ ಮೇಲೆ ಒಂದೊಂದು ಮಗುವಿನ ಕಥೆ ಒಂದೊಂದು. ಎಷ್ಟೋ ಮಕ್ಕಳು ಚೆನ್ನಾಗಿಯೇ ಇರುತ್ತಾರೆ.

ಶ್ಮಾಮನ್ ಹೇಳುವ ಒಂದು ಮಾತು ನನಗೆ ಹಿಡಿಸಿತು. ಕೈ ಲೋಟವನ್ನು ದಾಟಿ ಹೋಗುತ್ತದಲ್ಲ, ಆ ಗುರಿ ತಪ್ಪುವಿಕೆ ಯೋಚನೆಗೂ ಇದೆ ಅಂತ. ಕಿರುಮೆದುಳು ಮಾಡುವುದು ಮುಂದೆ ಏನಾಗಬಹುದು ಎಂಬ ಅಂದಾಜು. ಅಂದಾಜಿಗೂ ಆದದ್ದಕ್ಕೂ ವ್ಯತ್ಯಾಸ ಬಂದರೆ ತಿದ್ದುಪಡಿ. ಸಂಪಾಜೆ ಘಾಟಿಯಲ್ಲಿ ಹಳೆಯ ಬಸ್ ಡ್ರೈವರುಗಳನ್ನು ನೋಡಿ. ತಿರುವು ಬಂದಮೇಲೆ ಗೇರ್ ಹಾಕುವುದಿಲ್ಲ. ತಿರುವಿಗೆ ಮೊದಲೇ ಕೈ ಗೇರಿಗೆ ಹೋಗಿರುತ್ತದೆ, ಪಕ್ಕದ ಸೀಟಿನವರ ಹತ್ತಿರ ಮಾತು ನಡೆದೇ ಇರುತ್ತದೆ. ನಾವು ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವಾಗ ನಮಗೆ ಗೊತ್ತಿಲ್ಲದೆ ಹೀಗೊಂದು ಗೇರ್ ಬೀಳುತ್ತದೆ. ಪುಟ್ಟನಿಗೆ ಪ್ರತಿ ತಿರುವಿನಲ್ಲೂ ಗಾಡಿ ನಿಲ್ಲಿಸಿ, ಕ್ಲಚ್ ಒತ್ತಿ, ನೋಡಿ, ಗೇರ್ ಹಾಕಬೇಕು. ಹಿಂದಿನಿಂದ ನಾವೆಲ್ಲ ಹಾರ್ನ್ ಹೊಡೆಯುತ್ತಿರುತ್ತೇವೆ.

ಚಿಕ್ಕವರಲ್ಲವಾ, ಬೇಗ ಸರಿಹೋಗ್ತಾರೆ

ಆಪರೇಷನ್ ಸಮಯದಲ್ಲಿ ನಮಗೆ ಅತಿ ಹೆಚ್ಚು ಧೈರ್ಯ ಕೊಟ್ಟ ಮಾತು ಇದು. ಮಕ್ಕಳ ಮೆದುಳು ಮೆತ್ತಗೆ, ಒಂದು ಕಡೆ ಹೋದರೆ ಇನ್ನೊಂದು ಕಡೆ ಕಲಿಯುತ್ತದೆ. ಕಾಲಿನ ವಿಷಯದಲ್ಲಿ ಇದು ನಿಜವೂ ಆಯಿತು. ಆದರೆ ಕಿರುಮೆದುಳಿಗೆ ಇನ್ನೊಂದು ಪಾತ್ರ ಇರಬಹುದು ಅನ್ನುತ್ತಾರೆ ಪ್ರಿನ್ಸ್‌ಟನ್‌ನ ನರವಿಜ್ಞಾನಿ ಸ್ಯಾಮ್ ವಾಂಗ್ ಮತ್ತು ಜೊತೆಗಾರರು. 2014ರಲ್ಲಿ ಅವರು ಬರೆದ ಲೇಖನದ ವಾದ ಸುಮಾರಾಗಿ ಹೀಗಿದೆ. ಎಳವೆಯಲ್ಲಿ ಕಿರುಮೆದುಳು ದೊಡ್ಡ ಮೆದುಳಿಗೆ ಮೇಷ್ಟ್ರ ಹಾಗೆ. ದೂರದಲ್ಲಿದ್ದುಕೊಂಡೇ ಅದರ ದಾರಿಗಳು ಹೇಗೆ ಕಟ್ಟಿಕೊಳ್ಳಬೇಕು ಅಂತ ತಿದ್ದುತ್ತದೆ. ಪಾಠದ ವಯಸ್ಸಿನಲ್ಲಿ ಮೇಷ್ಟ್ರು ರಜೆ ಹಾಕಿದರೆ, ಪೆಟ್ಟಾಗದ ಜಾಗಗಳೂ ಸರಿಯಾಗಿ ಬೆಳೆಯುವುದಿಲ್ಲ. ಅದೇ ತಂಡದವರು 2018ರಲ್ಲಿ ಎಳೆಯ ಇಲಿಗಳ ಕಿರುಮೆದುಳಿನ ಹಿಂಭಾಗದ ಕೆಲವು ಮಡಿಕೆಗಳನ್ನು ಮಂಕು ಮಾಡಿ ನೋಡಿದರು. ಅವು ದೊಡ್ಡವಾದ ಮೇಲೆ, ಕಲಿತ ದಾರಿಯನ್ನು ಬಿಟ್ಟು ಎದುರಿನ ದಾರಿ ಹಿಡಿಯಬೇಕಾದಾಗ ತಡವರಿಸಿದವು. ದಾರಿ ಕಲಿಯಲು ಬರುತ್ತಿತ್ತು, ಕಲಿತದ್ದನ್ನು ತಿರುಗಿಸಲು ಕಷ್ಟ. ಇಲಿ ಇಲಿಯೇ, ಹುಡುಗ ಹುಡುಗನೇ. ಆದರೂ ಓದುವಾಗ ಮೈ ಜುಂ ಅಂದಿತು.

ಇನ್ನೊಂದು ಸಂಗತಿ. ಈ ತೊಂದರೆ ಮೊದಲೇ ಪೂರ್ತಿ ಕಾಣುವುದಿಲ್ಲ. 7 ವರ್ಷದ ಮಗುವಿನ ದಿನವನ್ನು ದೊಡ್ಡವರೇ ತಿರುಗಿಸುತ್ತಿರುತ್ತಾರೆ. ಏಳು, ತಿನ್ನು, ನಡಿ, ಮಲಗು. ಹತ್ತು ಹನ್ನೆರಡು ಆದಮೇಲೆ ಮಗು ತಾನೇ ತಿರುಗಬೇಕು. ಒಂದು ಪೀರಿಯಡ್ ಗಣಿತ, ಬೆಲ್ಲು ಹೊಡೆದರೆ ಸಮಾಜ. ಒಂದೇ ಪುಟದಲ್ಲಿ ಐದು ಕೂಡುವ ಲೆಕ್ಕ, ಆರನೆಯದು ಕಳೆಯುವುದು. ಪುಟ್ಟ ಆರನೆಯದನ್ನೂ ಕೂಡುತ್ತಾನೆ. ಟೀಚರ್ ಕೆಂಪು ಶಾಯಿಯಲ್ಲಿ 'ಗಮನವಿಲ್ಲ' ಅಂತ ಬರೆಯುತ್ತಾರೆ.

ನಮ್ಮ ಜಿಲ್ಲೆಯಲ್ಲಿ ಇದರ ಮೇಲೆ ಭಾಷೆಗಳ ತಿರುವು ಬೇರೆ. ಪುಟ್ಟನಿಗೆ ಮನೆಯಲ್ಲಿ ಅರೆಭಾಷೆ, ಶಾಲೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್, ವ್ಯಾನಿನಲ್ಲಿ ಕೊಡವ ತಕ್ಕ್, ಅಂಗಡಿಯಲ್ಲಿ ಮಲಯಾಳ, ಲೈನ್ ಮನೆಯ ಗೆಳೆಯರ ಜೊತೆ ತುಳು. ಇಲ್ಲಿನ ಮಕ್ಕಳು ಇದನ್ನು ಅಂಗಿ ಬದಲಿಸಿದಷ್ಟು ಸುಲಭಕ್ಕೆ ಮಾಡುತ್ತಾರೆ. ಪುಟ್ಟನಿಗೂ ಎಲ್ಲ ಭಾಷೆ ಬರುತ್ತದೆ, ಒಂದೂ ಮರೆತಿಲ್ಲ. ಆದರೆ ಸೋಮವಾರ ಬೆಳಿಗ್ಗೆ ಮೊದಲ ಪೀರಿಯಡ್‌ನಲ್ಲಿ ಟೀಚರ್‌ಗೆ ಅರೆಭಾಷೆಯಲ್ಲೇ ಉತ್ತರ ಕೊಡುತ್ತಾನೆ. ಕ್ಲಾಸು ನಗುತ್ತದೆ. ಅವನೂ ನಗುತ್ತಾನೆ. ಮತ್ತೆ ಅರೆಭಾಷೆಯಲ್ಲೇ ಉತ್ತರ ಮುಂದುವರಿಸುತ್ತಾನೆ.

ಶಾಲೆಯವರ ಹತ್ತಿರ ಮಾತಾಡಲು ಹೋದದ್ದನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. 'ನಡೆಯುತ್ತಾನೆ, ಓದುತ್ತಾನೆ, ಏನು ತೊಂದರೆ? ಸರ್ಟಿಫಿಕೇಟ್ ಇದ್ದರೆ ತನ್ನಿ' ಅಂದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆ ಪಟ್ಟಿ ಮಾಡಿದ್ದಾರೆ. ಮೆದುಳಿಗೆ ಪೆಟ್ಟಾದದ್ದು ಅಂತ ಅದರಲ್ಲಿ ನೇರ ಹೆಸರಿಲ್ಲ. ಕಾಲು ಎಳೆಯುತ್ತಿದ್ದ ವರ್ಷ ಅದೇ ಶಾಲೆಯಲ್ಲಿ ಅವನಿಗೆ ಕೆಳಗಿನ ಮಹಡಿಯ ಕ್ಲಾಸು, ಮುಂದಿನ ಬೆಂಚು, ನೀರು ತಂದುಕೊಡಲು ಒಬ್ಬ ಗೆಳೆಯ ಎಲ್ಲ ಸಿಕ್ಕಿತ್ತು. ಕಾಲು ತಡವರಿಸಿದರೆ ಅಯ್ಯೋ ಪಾಪ. ಯೋಚನೆ ತಡವರಿಸಿದರೆ ಬೆಂಚಿನ ಮೇಲೆ ನಿಲ್ಲು. ಅವರನ್ನು ಬಯ್ಯುವ ಯೋಗ್ಯತೆ ನನಗಿಲ್ಲ. ನಾನೂ ಹೊಡೆದವನೇ.

ಹಠದಲ್ಲಿ ಒಂದು ಲಾಭ ಇರುತ್ತದೆ

ಕನ್ನಡದಲ್ಲಿ ಇದಕ್ಕೆ ಎಷ್ಟು ಪದ ಇದೆ ನೋಡಿ. ಹಠ, ಮೊಂಡು, ಪಟ್ಟು, ಜಿದ್ದು. ಎಲ್ಲದರಲ್ಲೂ ಒಳಗೆ ಕೂತು 'ಆಗಲ್ಲ' ಅನ್ನುವ ಒಬ್ಬ ಮನುಷ್ಯ ಇದ್ದಾನೆ. 'ರಚ್ಚೆ' ಒಂದೇ ಸ್ವಲ್ಪ ಹತ್ತಿರ ಬರುತ್ತದೆ. ಕೂಸು ರಚ್ಚೆ ಹಿಡಿದರೆ ನಾವು ಕೂಸನ್ನು ದೂರುವುದಿಲ್ಲ, ಹೊಟ್ಟೆನೋವಾ ಅಂತ ನೋಡುತ್ತೇವೆ. ಹನ್ನೆರಡು ವರ್ಷದವನಿಗೆ ಆ ರಿಯಾಯಿತಿ ಇಲ್ಲ.

ಹಾಗಂತ ಪುಟ್ಟ ನಿಜವಾದ ಹಠ ಮಾಡುವುದೇ ಇಲ್ಲ ಅಂತ ಅಲ್ಲ. ಚೆನ್ನಾಗಿಯೇ ಮಾಡುತ್ತಾನೆ. ಕಡುಬಿಗೆ ಕೋಳಿ ಸಾರೇ ಬೇಕು ಅಂತ ತಟ್ಟೆ ದೂಡುತ್ತಾನೆ. ಮೊಬೈಲ್ ಕಿತ್ತುಕೊಂಡರೆ ಮನೆ ನಡುಗಿಸುತ್ತಾನೆ. ಮೊದಮೊದಲು ನನಗೆ ಗೊಂದಲ ಆಗುತ್ತಿತ್ತು. ಎಲ್ಲವನ್ನೂ ಆಪರೇಷನ್ ತಲೆಗೆ ಕಟ್ಟಿ ಇವನನ್ನು ಕೆಡಿಸುತ್ತಿದ್ದೇನಾ ಅಂತ. ಈಗ ನನ್ನದೇ ಒಂದು ಅಳತೆಗೋಲು ಇದೆ. ಹಠದಲ್ಲಿ ಒಂದು ಲಾಭ ಇರುತ್ತದೆ. ಕೇಳಿದ್ದು ಸಿಕ್ಕರೆ ಹಠ ನಿಲ್ಲುತ್ತದೆ, ಸಾರು ಬಂದರೆ ನಗು ಬರುತ್ತದೆ. ಆ ಇನ್ನೊಂದಕ್ಕೆ ಲಾಭವೇ ಇಲ್ಲ. ಅವನಿಗೇ ನಷ್ಟ, ಅವನಿಗೇ ಸಂಕಟ.

ಒಂದು ಮಳೆಗಾಲ ನಮ್ಮ ಮುಖ್ಯ ರಸ್ತೆ ಬಂದ್ ಆಯಿತು. ತಾಳತ್ತಮನೆಯಿಂದ ಮೇಕೇರಿ ಸುತ್ತಿ ಮಡಿಕೇರಿಗೆ ಹೋಗಬೇಕು. ನಾನೇ ಜೀಪಿನಲ್ಲಿ ಬಿಡಲು ಹೊರಟೆ. ಜೀಪು ಬೇರೆ ಕಡೆ ತಿರುಗಿದ ಕೂಡಲೇ 'ಮಾವ, ಶಾಲೆ ಆ ಕಡೆ' ಅಂದ. ರಸ್ತೆ ಬಂದ್, ಇದೂ ಅಲ್ಲಿಗೇ ಹೋಗುತ್ತದೆ ಅಂದೆ. 'ಹೌದು, ಅಲ್ಲಿಗೇ ಹೋಗುತ್ತದೆ' ಅಂದ. ಅರ್ಧ ಮೈಲಿ ಆದಮೇಲೆ ಮತ್ತೆ 'ಶಾಲೆ ಆ ಕಡೆ'. ಬೆವರುತ್ತಿದ್ದ. ಆ ದಿನ ಶಾಲೆಯಲ್ಲಿ ಡ್ರಾಯಿಂಗ್ ಸ್ಪರ್ಧೆ ಇತ್ತು, ಅವನಿಗೆ ಹೋಗಲೇಬೇಕಿತ್ತು. ಬೇಡ ಅಂತ ಹಟ ಹಿಡಿಯಲು ಕಾರಣವೇ ಇರಲಿಲ್ಲ. ನಾನು ಬದಿಯಲ್ಲಿ ಜೀಪು ನಿಲ್ಲಿಸಿದೆ. ಅವ್ವನ ಕಣದ ಉಪಾಯ ನೆನಪಾಯಿತು. ವಾಪಸ್ ತಿರುಗಿಸಿ, ರಸ್ತೆ ಅಡ್ಡ ಕಟ್ಟಿದ್ದ ಬ್ಯಾರಿಕೇಡ್ ಹತ್ತಿರ ಕರೆದುಕೊಂಡು ಹೋದೆ. ಇಳಿಸಿ, ಮುಟ್ಟಿಸಿದೆ. 'ಈ ರಸ್ತೆ ಮುಗೀತು' ಅಂದೆ. ಅವನು ಬ್ಯಾರಿಕೇಡನ್ನು ಎರಡು ಸಲ ತಟ್ಟಿದ. 'ಮುಗೀತು' ಅಂದ. ಮತ್ತೆ ಮೇಕೇರಿ ಕಡೆ ಹೊರಟೆವು. ಸ್ಪರ್ಧೆಗೆ ನಲವತ್ತು ನಿಮಿಷ ತಡ.

ಮೇಡಂ ಹೇಳಿದ ಉಪಾಯಗಳೂ ಬಹುಪಾಲು ಇದೇ ಜಾತಿಯವು. ಬದಲಾವಣೆಯನ್ನು ಮೊದಲೇ ಹೇಳಿ. ಒಂದು ಸಲಕ್ಕೆ ಒಂದೇ ಬದಲಾವಣೆ ಇರಲಿ. ಬಾಯಲ್ಲಿ ಹೇಳುವುದಕ್ಕಿಂತ ಕಣ್ಣಿಗೆ ಕಾಣುವ ಹಾಗೆ ಬರೆದಿಡಿ. ಗಣಿತದ ಪುಟದಲ್ಲಿ ಕೂಡುವುದು ಮುಗಿದ ಕಡೆ ಅಡ್ಡ ಗೆರೆ ಎಳೆಯಿರಿ. ಸಮಯ ಜಾಸ್ತಿ ಕೊಡಿ. ಗೆರೆ ಎಳೆದ ದಿನದಿಂದ ಕಳೆಯುವ ಲೆಕ್ಕ ಸುಮಾರಾಗಿ ಸರಿ ಬರುತ್ತಿದೆ. ಪರೀಕ್ಷೆ ಪತ್ರಿಕೆಯಲ್ಲಿ ಗೆರೆ ಎಳೆದುಕೊಡುವವರು ಇಲ್ಲ. ಸ್ಕೇಲು ಇಟ್ಟುಕೊಂಡು ತಾನೇ ಎಳೆದುಕೊಳ್ಳಲು ಕಲಿಸುತ್ತಿದ್ದೇವೆ. ಎಲ್ಲಿ ಎಳೆಯಬೇಕು ಅಂತ ಗೊತ್ತಾಗುವುದೇ ಅವನಿಗೆ ಕಷ್ಟದ ಕೆಲಸ, ಅದು ಬೇರೆ ಮಾತು.

ಈ ಆಟಿಯಲ್ಲೂ ಒಂದು ದಿನ ರಜೆಯ ಆದೇಶ ಏಳೂ ಕಾಲಿಗೆ ಬಂತು. ಪುಟ್ಟ ಎಂದಿನಂತೆ ತಯಾರಾಗಿ ಬೆಂಚಿನ ಮೇಲೆ ಕೂತಿದ್ದ. ಯಾರೂ ಬಟ್ಟೆ ಬಿಚ್ಚು ಅನ್ನಲಿಲ್ಲ. ಎಂಟು ಗಂಟೆಗೆ ಅವ್ವ ಕೊಡೆ ಹಿಡಿದು ಅವನನ್ನು ಗೇಟಿನವರೆಗೆ ಕರೆದುಕೊಂಡು ಹೋದರು. ಮಳೆ ಧೋ ಅಂತ ಸುರಿಯುತ್ತಿತ್ತು. ಇಬ್ಬರೂ ಖಾಲಿ ರಸ್ತೆ ನೋಡುತ್ತಾ ಐದು ನಿಮಿಷ ನಿಂತರು. 'ವ್ಯಾನು ಇಲ್ಲ. ಶಾಲೆ ಮುಗೀತು' ಅಂದರು ಅವ್ವ. ಅವನು ಗೇಟನ್ನು ಎರಡು ಸಲ ತಟ್ಟಿದ. ಒಳಗೆ ಬಂದು ಬ್ಯಾಗ್ ಇಟ್ಟ. ಟೈ ಬಿಚ್ಚಿದ, ಅಂಗಿ ಬಿಚ್ಚಿದ. ಸಾಕ್ಸ್ ಮಾತ್ರ ನಾಲ್ಕೂ ಇಪ್ಪತ್ತರವರೆಗೆ ಕಾಲಲ್ಲೇ ಇತ್ತು. ಒದ್ದೆಯಾದ ಸಾಕ್ಸಿನಲ್ಲೇ ಮನೆಯಿಡೀ ಓಡಾಡಿದ್ದಕ್ಕೆ ಅಕ್ಕ ಬೈದಳು.